ಚುಕ್ಕಿಗಳಲ್ಲಿ ಚಿರತೆ: ಶಾಯಿ ಪೆನ್ನಿನಿಂದ ವನ್ಯಜೀವಿಗಳ ಚಿತ್ರ ಬಿಡಿಸುವ ಬಗೆ

ತೈಲವರ್ಣದ ಚಿತ್ರಕ್ಕೆ ಕ್ಯಾನ್ವಾಸ್ ಒಣಗಿಸುವ ಜಾಗ ಬೇಕು. ಜಲವರ್ಣಕ್ಕೆ ನೀರಿನ ಬಟ್ಟಲು, ಬಣ್ಣದ ತಟ್ಟೆ, ಕುಂಚಗಳನ್ನು ಹರಡಿಕೊಳ್ಳುವ ಮೇಜು ಬೇಕು. ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಒಂದು ಹಾಲ್, ಒಂದು ಕೋಣೆಯ ಮನೆಯಲ್ಲಿ ನಾಲ್ಕೈದು ಮಂದಿಯ ನಡುವೆ ಕುಳಿತು ಚಿತ್ರ ಬಿಡಿಸಬೇಕೆನ್ನುವವರಿಗೆ ಇವೆರಡೂ ಸುಲಭವಲ್ಲ. ಶಾಯಿಯ ಚುಕ್ಕಿಗಳಿಂದಲೇ ನೆರಳು ಬೆಳಕು ಮೂಡಿಸುವ ಚುಕ್ಕಿಚಿತ್ರಕ್ಕಾದರೋ ಒಂದು ಹಲಗೆ, ಒಂದು ಹಾಳೆ, ಎರಡು ಮೂರು ಪೆನ್ನು ಮತ್ತು ಒಂದು ಮೇಜುದೀಪ ಸಾಕು. ನಡುವೆ ಎದ್ದು ಹೋದರೆ ಏನೂ ಚೆಲ್ಲುವುದಿಲ್ಲ, ಏನೂ ಒಣಗಿ ಹಾಳಾಗುವುದಿಲ್ಲ; ಮರುದಿನ ರಾತ್ರಿ ಊಟವಾದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಪ್ರಾಣಿಪಕ್ಷಿಗಳ ಚಿತ್ರಕ್ಕೆ ಈ ವಿಧಾನ ವಿಶೇಷವಾಗಿ ಒಗ್ಗುತ್ತದೆ, ಏಕೆಂದರೆ ತುಪ್ಪಳ, ಗರಿ, ಹುರುಪೆ ಇವುಗಳಿಗೆ ಪ್ರಕೃತಿಯಲ್ಲಿ ಗೆರೆಯ ಅಂಚು ಎಂಬುದೇ ಇಲ್ಲ.

ಪಾಯಿಂಟಿಲಿಸಂ ಎಂದು ಕಲಾ ಇತಿಹಾಸ ಕರೆಯುವ ವಿಧಾನ ರೂಪುಗೊಂಡದ್ದು 1880ರ ದಶಕದ ಪ್ಯಾರಿಸ್ಸಿನಲ್ಲಿ, ಜಾರ್ಜ್ ಸೂರಾ ಮತ್ತು ಪಾಲ್ ಸಿನ್ಯಾಕ್ ಅವರ ಕೈಯಲ್ಲಿ. ಬಣ್ಣಗಳನ್ನು ತಟ್ಟೆಯಲ್ಲಿ ಬೆರೆಸದೆ, ಶುದ್ಧ ಬಣ್ಣದ ಚುಕ್ಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಬೆರೆಸುವ ಕೆಲಸವನ್ನು ನೋಡುವವನ ಕಣ್ಣಿಗೇ ಬಿಡುವುದು ಅದರ ತತ್ತ್ವ. 1884ರಿಂದ 1886ರವರೆಗೆ ಸೂರಾ ರಚಿಸಿದ, ಸೆನ್ ನದಿಯ ದ್ವೀಪವೊಂದರಲ್ಲಿ ಜನ ಭಾನುವಾರ ಕಳೆಯುವ ದೃಶ್ಯದ ಚಿತ್ರ ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲವಿದ್ದು, ಈಗ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಕರಿಶಾಯಿಯೊಂದರಿಂದಲೇ ಚುಕ್ಕಿಯಿಡುವ ಸ್ಟಿಪ್ಲಿಂಗ್ ಇದಕ್ಕಿಂತ ಹಳೆಯದು. ಬೂದುಬಣ್ಣವನ್ನು ನೇರವಾಗಿ ಅಚ್ಚುಹಾಕಲಾಗದ ಮುದ್ರಣದಲ್ಲಿ, ಕಪ್ಪು ಚುಕ್ಕಿಗಳ ದಟ್ಟಣೆಯಿಂದಲೇ ನೆರಳನ್ನು ತೋರಿಸಬಹುದಾದ್ದರಿಂದ, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರದ ಗ್ರಂಥಗಳಿಗೆ ಚಿತ್ರ ಬರೆಯುವವರು ಇದನ್ನು ಬಹುಕಾಲ ನೆಚ್ಚಿಕೊಂಡರು. ಹೊಸಬರು ಕರಿಶಾಯಿಯಿಂದ ಆರಂಭಿಸುವುದೇ ಸರಿ. ಬಣ್ಣದ ಮಾತು ಕೊನೆಗೆ ಬರುತ್ತದೆ.

ಮಾದರಿಯ ಆಯ್ಕೆ

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ನೂರು ಚದರ ಕಿಲೋಮೀಟರಿಗೂ ಮಿಕ್ಕ ಕಾಡಿನಲ್ಲಿ ಚಿರತೆಗಳಿವೆ ಎಂಬುದು ಮುಂಬಯಿಯವರಿಗೆ ಹೊಸ ಸಂಗತಿಯಲ್ಲ. ಆದರೆ ಚಿತ್ರಕ್ಕಾಗಿ ಅವುಗಳನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ, ಹೋಗಲೂಬಾರದು. ಅಲುಗಾಡದೆ ನಿಲ್ಲುವ ಮಾದರಿ ಬೇಕಿದ್ದರೆ, ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಪ್ರಾಣಿವಿಜ್ಞಾನ ವಿಭಾಗದಲ್ಲಿ ಗಾಜಿನ ಹಿಂದಿರುವ ಪ್ರಾಣಿಪಕ್ಷಿಗಳ ಮುಂದೆ ಪೆನ್ಸಿಲ್ ಹಿಡಿದು ನಿಂತರೆ ಮೂಳೆಯ ಚೌಕಟ್ಟು, ಕಾಲಿನ ಕೀಲು, ಕಿವಿಯ ಬುಡ ಇವೆಲ್ಲ ಯಾವ ಫೋಟೋಗಿಂತಲೂ ಚೆನ್ನಾಗಿ ತಿಳಿಯುತ್ತವೆ. ಬೈಕಲಾದ ಮೃಗಾಲಯ ರಾಣಿಬಾಗಿನಲ್ಲಿ ಜೀವಂತ ಪ್ರಾಣಿಗಳ ಭಂಗಿ ಸಿಗುತ್ತದೆ. ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಮಾತ್ರ ಫೋಟೋ ಬೇಕೇ ಬೇಕು. ಇನ್ನೊಬ್ಬರು ತೆಗೆದ ಫೋಟೋ ನೋಡಿ ಬಿಡಿಸಿದ ಚಿತ್ರವನ್ನು ಪ್ರದರ್ಶನಕ್ಕಿಡುವುದಾದರೆ ಅಥವಾ ಮಾರುವುದಾದರೆ, ಮೊದಲು ಅವರ ಒಪ್ಪಿಗೆ ಪಡೆಯತಕ್ಕದ್ದು.

ಫೋಟೋ ಆರಿಸುವಾಗ ಪ್ರಾಣಿಯ ಚೆಲುವಿಗಿಂತ ಬೆಳಕಿನ ದಿಕ್ಕನ್ನು ನೋಡಿ. ಬೆಳಕು ಒಂದು ಬದಿಯಿಂದ ಬಿದ್ದಿದ್ದು, ಮುಖದ ಅರ್ಧ ಭಾಗ ನೆರಳಿನಲ್ಲಿದ್ದರೆ ಚುಕ್ಕಿಗಳಿಗೆ ಕೆಲಸವಿರುತ್ತದೆ. ಫ್ಲ್ಯಾಷ್ ಹಾಕಿ ತೆಗೆದ, ಎಲ್ಲೆಡೆ ಒಂದೇ ಸಮನೆ ಬೆಳಗಿದ ಫೋಟೋ ಎಷ್ಟೇ ಸ್ಪಷ್ಟವಾಗಿದ್ದರೂ ಈ ವಿಧಾನಕ್ಕೆ ಉಪಯೋಗವಿಲ್ಲ. ಮೊಬೈಲಿನಲ್ಲಿ ಅದನ್ನು ಕಪ್ಪುಬಿಳುಪಿಗೆ ಬದಲಿಸಿ, ಕಣ್ಣನ್ನು ಅರೆಮುಚ್ಚಿ ನೋಡಿದರೆ ಅತ್ಯಂತ ಕಪ್ಪು ಎಲ್ಲಿ, ಅತ್ಯಂತ ಬಿಳುಪು ಎಲ್ಲಿ ಎಂಬುದು ತಾನಾಗಿ ಗೊತ್ತಾಗುತ್ತದೆ.

ಪೆನ್ನು ಮತ್ತು ಹಾಳೆ

ನೀರಿಗೆ ಕರಗದ, ಪಿಗ್ಮೆಂಟ್ ಶಾಯಿಯ ಫೈನ್‌ಲೈನರ್ (ಸಣ್ಣ ತುದಿಯ) ಪೆನ್ನುಗಳು ಸಾಕು. ಪೆನ್ನಿನ ಮೇಲಿನ ಅಂಕಿಯನ್ನು ಮಿಲಿಮೀಟರ್ ಎಂದು ತಿಳಿಯಬಾರದು: ಪಿಗ್ಮಾ ಮೈಕ್ರಾನ್ ಪೆನ್ನುಗಳಲ್ಲಿ 005 ಎಂದರೆ 0.20 ಮಿ.ಮೀ., 01 ಎಂದರೆ 0.25 ಮಿ.ಮೀ., 05 ಎಂದರೆ 0.45 ಮಿ.ಮೀ. ಗೆರೆ. ಈ ಮೂರಿದ್ದರೆ ಯಾವ ಪ್ರಾಣಿಯನ್ನೂ ಬಿಡಿಸಬಹುದು. ಬಾಲ್ ಪೆನ್ನಿನ ಗುಂಡು ಉರುಳದೆ ಶಾಯಿ ಇಳಿಯುವುದಿಲ್ಲವಾದ್ದರಿಂದ ಅದರಿಂದ ಒಂದೇ ತೆರನ ಚುಕ್ಕಿ ಬರುವುದಿಲ್ಲ. ಜೆಲ್ ಪೆನ್ನಿನ ಶಾಯಿ ಒಣಗುವುದು ನಿಧಾನ, ಕೈ ತಾಗಿದರೆ ಹರಡುತ್ತದೆ. ಫೈನ್‌ಲೈನರಿನ ತುದಿ ಒತ್ತಡಕ್ಕೆ ಬೇಗ ಮೊಂಡಾಗುತ್ತದೆ. ಮೊಂಡಾದದ್ದನ್ನು ಎಸೆಯದೆ, ದಟ್ಟ ನೆರಳಿನ ಕೆಲಸಕ್ಕೆ ತೆಗೆದಿಟ್ಟುಕೊಳ್ಳಿ.

ಹಾಳೆ ನುಣುಪಾಗಿರಬೇಕು, ಚದರ ಮೀಟರಿಗೆ 200 ಗ್ರಾಮಿಗಿಂತ ಕಡಿಮೆಯಿರಬಾರದು. ಬ್ರಿಸ್ಟಲ್ ಅಥವಾ ಹಾಟ್‌ಪ್ರೆಸ್ ಹಾಳೆ ಉತ್ತಮ. ಉಬ್ಬುತಗ್ಗಿನ ಜಲವರ್ಣದ ಹಾಳೆಯಲ್ಲಿ ಚುಕ್ಕಿ ದುಂಡಗೆ ಕೂರುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ: ತೇವ ಹೀರಿದ ಹಾಳೆಯ ಮೇಲೆ ಚುಕ್ಕಿಯ ಸುತ್ತ ಸಣ್ಣ ಬೇರುಗಳಂತೆ ಶಾಯಿ ಒಡೆಯುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಅಂಗೈಯ ಬೆವರು ಚಿತ್ರಕ್ಕೆ ತಾಗದಂತೆ ಕೈಯಡಿಗೆ ಒಂದು ತುಂಡು ಕಾಗದ ಇರಲಿ.

ಕೈ ಪಳಗಿಸುವುದು

ಚಿರತೆಗೆ ಕೈಹಾಕುವ ಮೊದಲು ಒಂದು ಹಾಳೆಯಲ್ಲಿ ಐದು ಚೌಕಗಳನ್ನು ಬರೆದುಕೊಳ್ಳಿ. ಮೊದಲನೆಯದನ್ನು ಖಾಲಿ ಬಿಡಿ. ಎರಡನೆಯದರಲ್ಲಿ ವಿರಳವಾಗಿ, ಮೂರನೆಯದರಲ್ಲಿ ಅದಕ್ಕಿಂತ ಹತ್ತಿರವಾಗಿ, ಹೀಗೆ ಐದನೆಯದರಲ್ಲಿ ಬಿಳಿಯ ಕಣಗಳು ಅಲ್ಲಲ್ಲಿ ಇಣುಕುವಷ್ಟು ದಟ್ಟವಾಗಿ ಚುಕ್ಕಿಗಳನ್ನು ಇಡಿ. ಪೂರ್ತಿ ಕಪ್ಪಾಗಿ ಬಳಿಯಬೇಡಿ. ಆ ಕಣಗಳಿಂದಲೇ ಕಪ್ಪಿಗೆ ಆಳ ಬರುತ್ತದೆ. ಈ ಪಟ್ಟಿಯನ್ನು ಚಿತ್ರ ಮುಗಿಯುವವರೆಗೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಪೆನ್ನು ಹಾಳೆಗೆ ನೆಟ್ಟಗಿರಲಿ. ತುದಿ ತಾಗಬೇಕು, ಏಳಬೇಕು, ನಡುವೆ ಸರಿಯಬಾರದು. ಅವಸರದಲ್ಲಿ ಚುಕ್ಕಿಗೆ ಬಾಲ ಬರುತ್ತದೆ, ಮತ್ತು ಬಾಲವಿರುವ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿದಾಗ ಪ್ರಾಣಿಯ ಮೈಮೇಲೆ ಮಳೆ ಸುರಿದಂತೆ ಕಾಣುತ್ತದೆ. ಇನ್ನೊಂದು ಎಡವಟ್ಟು ನಮ್ಮವರಿಗೆ ಹುಟ್ಟಿನಿಂದಲೇ ಬಂದದ್ದು: ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕಿ ಪಳಗಿದ ಕೈ ತನಗರಿವಿಲ್ಲದೆ ಚುಕ್ಕಿಗಳನ್ನು ಸಾಲಾಗಿ, ಸಮಾನ ಅಂತರದಲ್ಲಿ ಇಡುತ್ತಾ ಹೋಗುತ್ತದೆ. ಇಲ್ಲಿ ಸಾಲು ಕಂಡರೆ ಕಣ್ಣು ನೆರಳನ್ನು ಬಿಟ್ಟು ಸಾಲನ್ನೇ ನೋಡುತ್ತದೆ. ಆದ್ದರಿಂದ ಒಂದೇ ಕಡೆ ಒತ್ತೊತ್ತಾಗಿ ಇಡದೆ, ಚೌಕದ ಉದ್ದಗಲಕ್ಕೂ ಕೈಯನ್ನು ಸುತ್ತಾಡಿಸುತ್ತಾ, ಮೊದಲು ವಿರಳವಾಗಿ ಹರಡಿ, ಮತ್ತೆ ಮತ್ತೆ ಅದೇ ಜಾಗಕ್ಕೆ ಮರಳಿ ಸಂದುಗಳನ್ನು ತುಂಬುವ ಅಭ್ಯಾಸ ಮಾಡಿಕೊಳ್ಳಬೇಕು. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಈ ಕೆಲಸಕ್ಕೆ ತೊಡಗುವುದು ಬೇಡ.

ಪೆನ್ಸಿಲ್ ಕರಡು

ತಿಳಿಯಾಗಿ ಬರೆಯುವ ಗಟ್ಟಿ ಸೀಸದ 2ಎಚ್ ಪೆನ್ಸಿಲಿನಿಂದ ಒತ್ತಡವಿಲ್ಲದೆ ಚಿರತೆಯ ಮುಖ ಮತ್ತು ಹೆಗಲಿನ ಹೊರರೇಖೆ ಬರೆಯಿರಿ. ಅದರೊಳಗೆ ನೆರಳು ಬೆಳಕು ಸೇರುವ ಗಡಿಯನ್ನು, ಮೈಯ ಕಪ್ಪು ಮಚ್ಚೆಗಳ ಜಾಗವನ್ನು, ಖಾಲಿ ಉಳಿಯಬೇಕಾದ ಮೀಸೆಯ ಕೂದಲುಗಳನ್ನು ಗುರುತಿಸಿಕೊಳ್ಳಿ. ಇಷ್ಟಾದ ಮೇಲೆ ಬರುವ ದೊಡ್ಡ ಆಸೆಯೆಂದರೆ ಹೊರರೇಖೆಯ ಮೇಲೆ ಶಾಯಿಯಿಂದ ಗೆರೆ ಎಳೆಯುವುದು, ಅದನ್ನು ಮಾಡಕೂಡದು. ಉಡುಪಿಯ ಕಟ್ಟಿಂಗೇರಿಯಿಂದ ಬಂದು, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂಬಯಿಯಲ್ಲೇ ನೆಲೆನಿಂತ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಮೆಚ್ಚುವ ಇಲ್ಲಿನ ಕನ್ನಡಿಗರಿಗೆ ಗೆರೆಯೇ ಚಿತ್ರದ ಉಸಿರು ಎನ್ನಿಸುವುದು ಸಹಜ. ಆದರೆ ಚುಕ್ಕಿಚಿತ್ರದ ನಡೆ ಬೇರೆ: ಇದರಲ್ಲಿ ಅಂಚು ಎಂಬುದು ದಟ್ಟ ಚುಕ್ಕಿಗಳು ನಿಂತು ಬಿಳುಪು ಆರಂಭವಾಗುವ ತಾಣವಷ್ಟೆ. ಬೆಳಕು ಬಿದ್ದ ಬದಿಯಲ್ಲಿ ಅಂಚು ಹಾಳೆಯೊಳಗೆ ಕರಗಿ ಹೋದರೂ ನೋಡುವವನ ಕಣ್ಣು ಅದನ್ನು ಪೂರೈಸಿಕೊಳ್ಳುತ್ತದೆ.

ಶಾಯಿ ಒಣಗಿದ ಮೇಲೆ ರಬ್ಬರಿನಿಂದ ಉಜ್ಜಿದರೆ ಚುಕ್ಕಿಗಳ ಕಪ್ಪು ತುಸು ಮಾಸುತ್ತದೆ. ಆದಕಾರಣ ಶಾಯಿಗೆ ಮುನ್ನವೇ, ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರನ್ನು ಒತ್ತಿ ಒತ್ತಿ ತೆಗೆದು, ಕರಡನ್ನು ಕಾಣಿಸಿಯೂ ಕಾಣದಷ್ಟು ತಿಳಿಯಾಗಿಸಿ.

ಕಣ್ಣು, ಮೀಸೆ, ಮಚ್ಚೆ

ಮೊದಲ ಶಾಯಿ ಕಣ್ಣಿಗೆ. ಅತ್ಯಂತ ಕಪ್ಪು ಮತ್ತು ಅತ್ಯಂತ ಬಿಳುಪು ಎರಡೂ ಅಲ್ಲೇ ಇರುವುದರಿಂದ, ಉಳಿದ ಮೈಯ ನೆರಳನ್ನು ಅದಕ್ಕೆ ಹೋಲಿಸಿ ಅಳೆಯಬಹುದು. ಚಿರತೆಯ ಕಣ್ಣಿನ ಪಾಪೆ ದುಂಡಗಿರುತ್ತದೆ, ಮನೆಯ ಬೆಕ್ಕಿನ ಹಾಗೆ ಸೀಳಿನಂತಿರುವುದಿಲ್ಲ; ಬೆಕ್ಕನ್ನು ನೋಡಿ ಚಿರತೆ ಬಿಡಿಸುವವರು ತಪ್ಪುವುದು ಇಲ್ಲಿಯೇ. ಪಾಪೆಯ ಅಂಚಿನಲ್ಲಿ ಬೆಳಕಿನ ಒಂದು ಬಿಳಿ ತುಣುಕನ್ನು ಪೆನ್ಸಿಲಿನಿಂದ ಸುತ್ತುಹಾಕಿ ಕಾಯ್ದುಕೊಳ್ಳಿ, ಅದರೊಳಗೆ ಒಂದು ಚುಕ್ಕಿಯೂ ಬೀಳಬಾರದು. ಮೇಲಿನ ರೆಪ್ಪೆಯ ನೆರಳು ಕಣ್ಣುಗುಡ್ಡೆಯ ಮೇಲ್ಭಾಗಕ್ಕೆ ಬೀಳುವುದರಿಂದ ಅಲ್ಲಿ ಚುಕ್ಕಿ ದಟ್ಟವಾಗಿರಲಿ, ಕೆಳಕ್ಕೆ ಬರುತ್ತಾ ವಿರಳವಾಗಲಿ. ಈ ಒಂದು ನೆರಳು ತಪ್ಪಿದರೆ ಪ್ರಾಣಿ ಬೆದರಿದಂತೆ ಕಣ್ಣರಳಿಸಿ ನೋಡುತ್ತದೆ. ಕಣ್ಣಿನ ಸುತ್ತಲಿನ ಕಪ್ಪು ಅಂಚು ಮೂಗಿನ ಕಡೆಯ ಮೂಲೆಯಲ್ಲಿ ಕೆಳಗೆ ಇಳಿಯುತ್ತದೆ. ಅದರಡಿಯ ತಿಳಿ ಪಟ್ಟಿಯನ್ನು ಹಾಗೆಯೇ ಬಿಡಿ.

ಮೀಸೆಯ ಕೂದಲುಗಳು ಬಿಳಿ. ಬಿಳಿಯನ್ನು ಬರೆಯಲಾಗುವುದಿಲ್ಲ, ಉಳಿಸಿಕೊಳ್ಳಬೇಕಷ್ಟೆ. ಕರಡಿನಲ್ಲಿ ಗುರುತಿಸಿದ ಕೂದಲಿನ ಎರಡೂ ಬದಿಗೆ ಚುಕ್ಕಿಗಳನ್ನು ತಂದು ನಿಲ್ಲಿಸಿ, ನಡುವೆ ಸಣ್ಣ ಓಣಿಯನ್ನು ಬಿಡಿ. ಕೂದಲು ಮುಖ ದಾಟಿ ಹೊರಗೆ ಚಾಚಿದ ಕಡೆ ಹಿನ್ನೆಲೆಯಲ್ಲಿ ತುಸು ನೆರಳಿಲ್ಲದಿದ್ದರೆ ಅದು ಕಾಣುವುದೇ ಇಲ್ಲ ಎಂಬುದನ್ನು ಮೊದಲೇ ಯೋಚಿಸಿಡಬೇಕು.

ಇನ್ನು ಮಚ್ಚೆಗಳು. ತಲೆ, ಕತ್ತು, ಕಾಲುಗಳ ಮೇಲಿನವು ಇಡಿಯಾದ ಕಪ್ಪು ಮಚ್ಚೆಗಳು. ಪಕ್ಕೆ ಮತ್ತು ಬೆನ್ನಿನ ಮೇಲಿನವು ಅಲ್ಲಲ್ಲಿ ಒಡೆದ ಬಳೆಗಳು, ಅವುಗಳ ಒಳಗಿನ ಬಣ್ಣ ಹೊರಗಿನ ಮೈಬಣ್ಣಕ್ಕಿಂತ ಒಂದಿಷ್ಟು ಗಾಢ. ಬಳೆಯ ಒಳಕ್ಕೆ ಎರಡನೇ ಚೌಕದ ದಟ್ಟಣೆ, ಬಳೆಗೆ ಐದನೆಯದು ಎಂದು ಲೆಕ್ಕವಿಟ್ಟುಕೊಂಡರೆ ಸುಲಭ. ಮೈಯ ಉಬ್ಬು ನೇರವಾಗಿ ನಮ್ಮತ್ತ ತಿರುಗಿದ ಕಡೆ ಬಳೆಗಳು ಅಗಲವಾಗಿ, ಬೆನ್ನಿನ ಅಥವಾ ಹೊಟ್ಟೆಯ ಅಂಚಿನತ್ತ ಸರಿದಂತೆ ಚಪ್ಪಟೆಯಾಗಿ, ಒತ್ತಾಗಿ ಕಾಣುತ್ತವೆ. ಮಚ್ಚೆಯ ಅಂಚನ್ನು ಚೂಪಾಗಿ ಮುಗಿಸದೆ, ಕೂದಲು ಮಲಗಿದ ದಿಕ್ಕಿಗೆ ನಾಲ್ಕಾರು ಚುಕ್ಕಿಗಳನ್ನು ಹೊರಕ್ಕೆ ಚೆಲ್ಲಿ. ತುಪ್ಪಳವನ್ನು ತೋರಿಸಲು ಕೂದಲನ್ನು ಒಂದೊಂದಾಗಿ ಬರೆಯುವ ಗೋಜು ಇಲ್ಲಿಲ್ಲ. ಈ ಚೆಲ್ಲಿದ ಅಂಚುಗಳೇ ಸಾಕು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತ ಇದರ ನಂತರದ್ದು. ಮಚ್ಚೆಗಳು ಮುಗಿದವೆಂದು ಬಹಳ ಮಂದಿ ಪೆನ್ನು ಕೆಳಗಿಡುತ್ತಾರೆ, ಬೆಳಕಿನಲ್ಲೂ ನೆರಳಿನಲ್ಲೂ ಒಂದೇ ಕಪ್ಪಾಗಿರುವ ಮಚ್ಚೆಗಳು ಮೈಗೆ ಅಂಟಿಸಿದಂತೆ ಕಾಣುತ್ತವೆ. ಮೈಯ ದೊಡ್ಡ ನೆರಳನ್ನು ಮಚ್ಚೆ, ಬಯಲು ಎಂಬ ಭೇದವಿಲ್ಲದೆ ಇಡೀ ಭಾಗದ ಮೇಲೆ ಸಣ್ಣ ಪೆನ್ನಿನಿಂದ ಹರಡಬೇಕು. ಬೆಳಕಿನ ಬದಿಯ ಮಚ್ಚೆಗಳಲ್ಲಿ ಬಿಳಿ ಕಣಗಳು ಹೆಚ್ಚಿರಲಿ, ನೆರಳಿನವುಗಳಲ್ಲಿ ಕಡಿಮೆಯಿರಲಿ. ಆಗ ಮಾತ್ರ ಹೆಗಲು ಹೆಗಲಾಗಿ ಉಬ್ಬುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಚುಕ್ಕಿಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಾನು ಕಣ್ಣಿನಿಂದಲ್ಲ, ಈ ಹೆಗಲಿನಿಂದ ಅಳೆಯುತ್ತೇನೆ.

ಆಗಾಗ ಎದ್ದು ಹಿಂದೆ ಸರಿದು ನೋಡಿ. ಮನೆ ಚಿಕ್ಕದಾದರೆ ಮೊಬೈಲಿನಲ್ಲಿ ಫೋಟೋ ತೆಗೆದು ಹೆಬ್ಬೆರಳಿನಷ್ಟಕ್ಕೆ ಕುಗ್ಗಿಸಿದರೂ ಆದೀತು. ತಪ್ಪಿ ಬಿದ್ದ ಚುಕ್ಕಿಯನ್ನು ದಪ್ಪ ಹಾಳೆಯಾದರೆ ಬ್ಲೇಡಿನ ಮೂಲೆಯಿಂದ ಮೃದುವಾಗಿ ಕೆರೆದು ತೆಗೆಯಬಹುದು. ಆದರೆ ಅದರ ನೆರೆಗೆ ಇನ್ನು ನಾಲ್ಕು ಚುಕ್ಕಿಯಿಟ್ಟು ನೆರಳಿನೊಳಗೆ ಸೇರಿಸಿಬಿಡುವುದೇ ವಾಸಿ. ಅಂಗೈಯಗಲದ ಮುಖಕ್ಕೂ ಹಲವು ಸಂಜೆಗಳು ಹಿಡಿಯುತ್ತವೆ. ಮಣಿಕಟ್ಟು ನೋಯಲು ಆರಂಭವಾದ ಕೂಡಲೇ ನಿಲ್ಲಿಸಿ, ಏಕೆಂದರೆ ದಣಿದ ಕೈ ಇಡುವ ಚುಕ್ಕಿಗೆ ಬಾಲ ಬಂದೇ ಬರುತ್ತದೆ.

ಬಣ್ಣಕ್ಕೆ ಬಂದಾಗ

ಕರಿಶಾಯಿ ಕೈಗೆ ಒಗ್ಗಿದ ಮೇಲೆ ಸೂರಾನ ದಾರಿಯನ್ನು ಪ್ರಯತ್ನಿಸಲು ಠಾಣೆ ಖಾರಿಯ (ಸಮುದ್ರದ ಹಿನ್ನೀರಿನ) ರಾಜಹಂಸ, ಅಂದರೆ ಫ್ಲೆಮಿಂಗೊಗಳಿಗಿಂತ ಒಳ್ಳೆಯ ಮಾದರಿ ಮುಂಬಯಿಯಲ್ಲಿ ಇಲ್ಲ. 2015ರಲ್ಲಿ ಅಭಯಾರಣ್ಯವೆಂದು ಘೋಷಿತವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಖಾರಿಗೆ ಚಳಿಗಾಲದಲ್ಲಿ ಎರಡು ಜಾತಿಯ ರಾಜಹಂಸಗಳು ಬರುತ್ತವೆ. ದೊಡ್ಡದು ಎತ್ತರ, ಮೈ ಹೆಚ್ಚು ಬಿಳುಪು, ಕೊಕ್ಕು ಗುಲಾಬಿಯಾಗಿದ್ದು ತುದಿ ಮಾತ್ರ ಕಪ್ಪು. ಚಿಕ್ಕದರ ಮೈ ಗಾಢ ಗುಲಾಬಿ, ಕೊಕ್ಕು ಕಡುಗೆಂಪು. ಗುಲಾಬಿ ಪೆನ್ನೊಂದನ್ನೇ ಹಿಡಿದು ಮೈಯೆಲ್ಲ ತುಂಬಿದರೆ ಹಕ್ಕಿ ಸಪ್ಪೆಯಾಗುತ್ತದೆ. ಮೊದಲು ಬೆಳಕಿನ ಕಡೆ ತಿಳಿಹಳದಿಯ ಕೆಲವು ಚುಕ್ಕಿ, ಅದರ ನಡುವೆ ಗುಲಾಬಿ, ರೆಕ್ಕೆಯ ಮಡಿಕೆಯಲ್ಲಿ ಕೆಂಪು ಇಡಿ. ನೆರಳಿಗೆ ಕಪ್ಪು ಅಥವಾ ಬೂದುಬಣ್ಣವನ್ನು ಮುಟ್ಟದೆ ತಿಳಿನೀಲಿಯನ್ನು ಗುಲಾಬಿಯ ಸಂದುಗಳಲ್ಲಿ ಸೇರಿಸಿದರೆ, ಐದಾರು ಅಡಿ ದೂರದಿಂದ ಹೊಟ್ಟೆಯಡಿಯ ಭಾಗ ತಣ್ಣನೆಯ ನೇರಳೆಯಾಗಿ ಕಾಣುತ್ತದೆ. ಒಂದು ಬಣ್ಣ ಒಣಗುವ ಮೊದಲು ಇನ್ನೊಂದನ್ನು ಅದರ ಮೇಲೆ ಇಟ್ಟರೆ ಎರಡೂ ಕಲಸಿ ಕೊಳೆಯಾಗುತ್ತವೆ, ಪೆನ್ನಿನ ತುದಿಯೂ ಕೆಡುತ್ತದೆ.

ಮುಗಿದ ಚಿತ್ರವನ್ನು ಸ್ಕ್ಯಾನ್ ಮಾಡಿಸುವುದಾದರೆ 600 ಡಿಪಿಐಗೆ (ಇಂಚಿಗೆ 600 ಬಿಂದುಗಳಿಗೆ) ಕಡಿಮೆಯಾಗದಂತೆ ನೋಡಿಕೊಳ್ಳಿ. ಮುದ್ರಣದಲ್ಲಿ ಚಿತ್ರ ಕುಗ್ಗಿದಾಗ ದಟ್ಟ ಚುಕ್ಕಿಗಳು ಒಂದಕ್ಕೊಂದು ಅಂಟಿ ಕಪ್ಪಾಗಿಬಿಡುವುದರಿಂದ, ಅಚ್ಚಿಗೆ ಕೊಡುವ ಚಿತ್ರದ ನೆರಳುಗಳಲ್ಲಿ ಬಿಳಿಯ ಸಂದುಗಳನ್ನು ತುಸು ಧಾರಾಳವಾಗಿ ಬಿಟ್ಟಿರಬೇಕು. ಗೋಡೆಗೆ ಹಾಕುವುದಾದರೆ ಹಾಳೆ ನೇರವಾಗಿ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತಲಿನ ದಪ್ಪ ರಟ್ಟು) ಇಡಿಸಿ, ಮಳೆಗಾಲದಲ್ಲಿ ನೀರು ಜಿನುಗುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಯ ಮೇಲೆ ತೂಗುಹಾಕಿ.