ಹಾಟ್ ರಾಡ್: ಮುಂದಿನ ಚಕ್ರ ಹಿಂದಕ್ಕೂ ಕೂರಬೇಕಾದರೆ

1932ರ ಫೋರ್ಡ್ ಕಾರು ಕಾರ್ಖಾನೆಯಿಂದ ಹೊರಬಂದಾಗ ಮುಂದಿನ ಚಕ್ರ ಹಿಂದೆ ಕೂರದ ತೊಂದರೆ ಇರಲಿಲ್ಲ. ನಾಲ್ಕೂ ಚಕ್ರಗಳಿಗೆ ಐದೈದು ಸ್ಟಡ್‌ಗಳು, ಅಂದರೆ ನಟ್ ಹತ್ತುವ ಬೋಲ್ಟ್‌ಗಳು, ಇದ್ದವು. ಅವುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ ಐದೂವರೆ ಇಂಚು, ಅಂದರೆ 139.7 ಮಿ.ಮೀ. ನಮ್ಮ ಹಳೆಯ ವಿಲ್ಲೀಸ್ ಜೀಪು ಮತ್ತು ಮಾರುತಿ ಜಿಪ್ಸಿಯಲ್ಲಿರುವುದೂ ಇದೇ ಅಳತೆ. ಗ್ಯಾರೇಜುಗಳಲ್ಲಿ ಈ ವೃತ್ತದ ವ್ಯಾಸವನ್ನು ಪಿಸಿಡಿ ಎನ್ನುತ್ತಾರೆ.

ಆದರೆ ಅಮೆರಿಕದಲ್ಲಿ ಈ ಕಾರನ್ನು ಹಾಟ್ ರಾಡ್ ಆಗಿ, ಅಂದರೆ ದೊಡ್ಡ ಎಂಜಿನ್ ಕೂರಿಸಿದ ವೇಗದ ಗಾಡಿಯಾಗಿ, ಕಟ್ಟುವವರು ಮೂಲ ಭಾಗಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಅಪರೂಪ. ದೊಡ್ಡ ಎಂಜಿನ್ನಿನ ಬಲ ತಾಳಲೆಂದು ಹಿಂದೆ ಫೋರ್ಡ್‌ನದೇ ‘ಒಂಬತ್ತು ಇಂಚಿನ’ ಆಕ್ಸಲ್ ಹಾಕುತ್ತಾರೆ (ಈ ಇಂಚಿನ ಲೆಕ್ಕ ಅದರೊಳಗಿನ ದೊಡ್ಡ ಹಲ್ಲುಚಕ್ರದ್ದು). 1957ರ ಮಾದರಿಗಳಿಂದ ಬಳಕೆಗೆ ಬಂದ ಇದರ ಪಿಸಿಡಿ, ಕಾರಿನಿಂದ ತೆಗೆದದ್ದಾದರೆ ಸಾಮಾನ್ಯವಾಗಿ 114.3 ಮಿ.ಮೀ. ಮುಂದೆ ಹಳೆಯ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಕಿಟ್ ಕೂರಿಸುತ್ತಾರೆ. ಅಂಥ ಅನೇಕ ಕಿಟ್‌ಗಳಲ್ಲಿ ಬರುವುದು ಷೆವ್ರೊಲೆ ಕಾರಿನ ಡಿಸ್ಕ್. ಅದರ ಪಿಸಿಡಿ 120.65 ಮಿ.ಮೀ. ಹೀಗೆ ಒಂದೇ ಗಾಡಿಯಲ್ಲಿ ಎರಡು ಮನೆತನಗಳ ಹಬ್‌ಗಳು (ಚಕ್ರ ಬಂದು ಕೂರುವ ಭಾಗಗಳು) ಸೇರಿಬಿಡುತ್ತವೆ.

ಮುಂದೆ ಸಣ್ಣ ಟೈರು, ಹಿಂದೆ ಅಗಲದ ಟೈರು ಇರುವ ಗಾಡಿಗೆ ಪಿಸಿಡಿ ಒಂದೇ ಏಕಿರಬೇಕು ಎಂದು ಕೇಳುವವರಿದ್ದಾರೆ. ಸ್ಟೆಪ್ನಿಯ ಅನುಕೂಲ ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅಪಾಯ. 114.3ಕ್ಕೂ 120.65ಕ್ಕೂ ನಡುವೆ ಪ್ರತಿ ಸ್ಟಡ್ ಬಳಿ ಬರುವ ವ್ಯತ್ಯಾಸ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ರಿಮ್ಮಿನ ರಂಧ್ರ ಸ್ವಲ್ಪ ದೊಡ್ಡದಿದ್ದರೆ ತಪ್ಪು ಚಕ್ರವೂ ಸ್ಟಡ್‌ಗಳ ಮೇಲೆ ಹೇಗೋ ಏರುತ್ತದೆ, ನಟ್‌ಗಳೂ ಬಿಗಿಯಾದಂತೆ ಕಾಣುತ್ತವೆ. ಆದರೆ ನಟ್ಟಿನ ಇಳಿಜಾರು ಮುಖ ರಿಮ್ಮಿನ ಕುಳಿಯಲ್ಲಿ ಕೂತಿರುವುದಿಲ್ಲ, ಸ್ಟಡ್ ಬಾಗಿರುತ್ತದೆ. ಓಡಾಡುತ್ತ ನಟ್ ಸಡಿಲವಾಗುತ್ತದೆ, ಇಲ್ಲವೇ ಸ್ಟಡ್ ಮುರಿಯುತ್ತದೆ. ಗಾಡಿ ಕಟ್ಟಿದವನಿಗೆ ಯಾವ ಚಕ್ರ ಎಲ್ಲಿಯದು ಎಂಬುದು ಗೊತ್ತು. ಪಂಕ್ಚರ್ ಅಂಗಡಿಯ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು?

ಮೊದಲು ಅಳತೆ

ಭಾಗಗಳಿಗೆ ಹಣ ಕೊಡುವ ಮುನ್ನ ನಾಲ್ಕೂ ಹಬ್‌ಗಳನ್ನು ಅಳೆಯಿರಿ. ಆಕ್ಸಲ್ ಮಾರಿದವರ ಮಾತನ್ನು ನಂಬಬೇಡಿ. ಒಂಬತ್ತು ಇಂಚಿನ ಆಕ್ಸಲ್ ಫೋರ್ಡ್ ಪಿಕಪ್‌ನಿಂದ ಬಂದದ್ದಾದರೆ ಅದರ ಪಿಸಿಡಿ ಮತ್ತೆ 139.7 ಇರಬಹುದು.

ಐದು ಸ್ಟಡ್‌ಗಳಿರುವಲ್ಲಿ ಒಂದರ ನೇರ ಎದುರಿಗೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ಹಲವರು ಒಂದು ಸ್ಟಡ್ಡಿನ ನಡುವಿನಿಂದ, ಪಕ್ಕದ್ದನ್ನು ಬಿಟ್ಟು ಅದರಾಚೆಯ ಸ್ಟಡ್ಡಿನ ನಡುವಿಗೆ ಟೇಪ್ ಹಿಡಿಯುತ್ತಾರೆ. ಮೋಸ ಹೋಗುವುದು ಇಲ್ಲಿಯೇ. ಷೆವ್ರೊಲೆ ಹಬ್ಬನ್ನು ಹೀಗೆ ಅಳೆದರೆ 114.7 ಮಿ.ಮೀ. ಬರುತ್ತದೆ, ‘ಇದು ಫೋರ್ಡ್‌ನ 114.3’ ಎಂದುಕೊಳ್ಳುತ್ತಾರೆ. ಜನರಲ್ ಮೋಟರ್ಸ್‌ನ ದೊಡ್ಡ ಕಾರುಗಳ 127 ಮಿ.ಮೀ. ಹಬ್ಬನ್ನು ಹೀಗೆಯೇ ಅಳೆದರೆ 120.8 ಬರುತ್ತದೆ, ಅದು ಷೆವ್ರೊಲೆಯ 120.65 ಎನಿಸುತ್ತದೆ. ಒಂದರ ತಪ್ಪು ಅಳತೆ ಇನ್ನೊಂದರ ಸರಿಯಾದ ಅಳತೆಗೆ ಇಷ್ಟು ಹತ್ತಿರ ಬರುವುದರಿಂದ ಅನುಮಾನವೂ ಹುಟ್ಟುವುದಿಲ್ಲ.

ಸರಿಯಾದ ದಾರಿ ಇದು. ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಅಕ್ಕಪಕ್ಕದ ಎರಡು ಸ್ಟಡ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ, ಆದಷ್ಟು ಬುಡದ ಹತ್ತಿರ ಅಳೆಯಿರಿ. ಅದರಿಂದ ಒಂದು ಸ್ಟಡ್ಡಿನ ದಪ್ಪ ಕಳೆಯಿರಿ. ಉಳಿದದ್ದನ್ನು 1.701ರಿಂದ ಗುಣಿಸಿದರೆ ಪಿಸಿಡಿ ಸಿಗುತ್ತದೆ. 67.2 ಬಂದರೆ 114.3ರ ಹಬ್, 70.9 ಬಂದರೆ 120.65, 74.7 ಬಂದರೆ 127, 82.1 ಬಂದರೆ 139.7. ಐದೂ ಜೋಡಿಗಳನ್ನು ಅಳೆಯಿರಿ. ಯಾವುದಾದರೂ ಜೋಡಿಯ ಅಳತೆ ಬೇರೆ ಬಂದರೆ ಅಲ್ಲಿ ಸ್ಟಡ್ ಬಾಗಿರಬಹುದು.

ಯಾವ ತುದಿಯನ್ನು ಬದಲಿಸಬೇಕು?

ಕೈಯಲ್ಲಿ ಒಳ್ಳೆಯ ರಿಮ್‌ಗಳು ಈಗಾಗಲೇ ಇದ್ದರೆ ಅವು ಹೇಳಿದಂತೆ ಕೇಳಿ. ಇಲ್ಲವಾದರೆ ಮುಂದಿನದನ್ನು ಬದಲಿಸಿ ಎಂಬುದು ನನ್ನ ಸಲಹೆ. ಡಿಸ್ಕ್ ಎಂಬುದು ಹೇಗಿದ್ದರೂ ಸವೆದು ಬದಲಾಗುವ ಭಾಗ, ಆಕ್ಸಲ್ ಹಾಗಲ್ಲ. ಹಾಟ್ ರಾಡ್ ಕಿಟ್‌ಗಳಿಗೆಂದು ಮಾಡಿದ ಎಷ್ಟೋ ಡಿಸ್ಕ್‌ಗಳಲ್ಲಿ 114.3 ಮತ್ತು 120.65 ಎರಡಕ್ಕೂ ರಂಧ್ರ ಕೊರೆದೇ ಕೊಡುತ್ತಾರೆ. ಅಂಥದ್ದು ನಿಮ್ಮಲ್ಲಿದ್ದರೆ ಸ್ಟಡ್‌ಗಳನ್ನು ಪ್ರೆಸ್ಸಿನಲ್ಲಿ ಹೊರದೂಡಿ ಪಕ್ಕದ ರಂಧ್ರಗಳಿಗೆ ಕೂರಿಸಿದರೆ ಕೆಲಸ ಮುಗಿಯಿತು. ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ.

ಹಿಂದಿನದನ್ನೇ ಬದಲಿಸಬೇಕಾದರೆ ಆಕ್ಸಲ್ ಶಾಫ್ಟ್ ಹೊರತೆಗೆದು ಅದರ ಫ್ಲ್ಯಾಂಜಿಗೆ (ಚಕ್ರ ಕೂರುವ ತುದಿಯ ಬಿಲ್ಲೆಗೆ) ಹೊಸ ರಂಧ್ರ ಕೊರೆಸಬೇಕು. ಇದು ಕೈ ಡ್ರಿಲ್ಲಿನ ಕೆಲಸವಲ್ಲ. ರೋಟರಿ ಟೇಬಲ್ ಇರುವ ಮಿಲ್ಲಿಂಗ್ ಯಂತ್ರದಲ್ಲಿ, ಫ್ಲ್ಯಾಂಜನ್ನು ನಡುಬಿಂದುವಿಗೆ ಹೊಂದಿಸಿ, ಅನುಭವಸ್ಥರಿಂದಲೇ ಮಾಡಿಸಿ. ಹೊಸ ರಂಧ್ರ ಹಳೆಯದರ ಮಗ್ಗುಲಲ್ಲೇ ಬಂದರೆ ಎರಡೂ ಒಂದರೊಳಗೊಂದು ಸೇರಿ ಎಂಟರ ಅಂಕಿಯಂತಾಗುತ್ತವೆ. ಆದ್ದರಿಂದ 36 ಡಿಗ್ರಿ ತಿರುಗಿಸಿ, ಎರಡು ಹಳೆಯ ರಂಧ್ರಗಳ ಸರಿಮಧ್ಯದಲ್ಲಿ ಕೊರೆಯಬೇಕು. ಆಗ ನಡುವಿನಿಂದ ನಡುವಿಗೆ ಸುಮಾರು 36 ಮಿ.ಮೀ. ಅಂತರ ಸಿಗುತ್ತದೆ. ಬೇರಿಂಗ್ ಬೋಲ್ಟ್ ಬಿಚ್ಚಲು ಫ್ಲ್ಯಾಂಜಿನಲ್ಲಿ ಬಿಟ್ಟಿರುವ ದೊಡ್ಡ ರಂಧ್ರಕ್ಕೆ ಹೊಸದು ತಾಗದಂತೆ, ಹೊರ ಅಂಚಿನಲ್ಲಿ ಸಾಕಷ್ಟು ಲೋಹ ಉಳಿಯುವಂತೆ ಮೊದಲೇ ಗುರುತು ಹಾಕಿ ನೋಡಿ. ಜಾಗ ಸಾಲದಿದ್ದರೆ ಆ ಯೋಚನೆ ಬಿಟ್ಟು ಹೊಸ ಶಾಫ್ಟ್ ತರಿಸಿ. ಹಳೆಯ ರಂಧ್ರಗಳನ್ನು ವೆಲ್ಡಿಂಗ್ ಮಾಡಿ ಮುಚ್ಚುವುದು ಬೇಡವೇ ಬೇಡ. ಆ ಕಾವು ಉಕ್ಕಿನ ಗುಣವನ್ನು ಕೆಡಿಸುತ್ತದೆ, ಫ್ಲ್ಯಾಂಜ್ ಸೊಟ್ಟಗಾಗುತ್ತದೆ. ಸ್ಟಡ್ಡಿನ ಕತ್ತಿನಲ್ಲಿರುವ ಗೀರುಭಾಗದ ವ್ಯಾಸ ಅಳೆದು, ಅದು ಬಿಗಿಯಾಗಿ ಒತ್ತಿಕೊಂಡು ಹೋಗುವಷ್ಟೇ ರಂಧ್ರ ಮಾಡಿಸಬೇಕು. ಬ್ರೇಕ್ ಡ್ರಮ್ಮಿಗೂ ಇದೇ ಲೆಕ್ಕದಲ್ಲಿ ರಂಧ್ರ ಬೇಕು ಎಂಬುದು ಎಷ್ಟೋ ಸಲ ನೆನಪಾಗುವುದು ಗಾಡಿ ಜೋಡಿಸುವಾಗ.

ಇನ್ನು ಅಡಾಪ್ಟರ್. ಒಂದು ಪಿಸಿಡಿಯಿಂದ ಹಬ್ಬಿಗೆ ಕೂತು, ಇನ್ನೊಂದು ಪಿಸಿಡಿಯ ಸ್ಟಡ್‌ಗಳನ್ನು ಹೊರಗೆ ಕೊಡುವ ದಪ್ಪ ಅಲ್ಯುಮಿನಿಯಂ ಬಿಲ್ಲೆ ಇದು. ಒಳ್ಳೆಯ ಅಡಾಪ್ಟರ್ ಕೆಟ್ಟದ್ದೇನಲ್ಲ. ಆದರೆ ಸುಮಾರು 25 ಮಿ.ಮೀ. ದಪ್ಪದ್ದು ಹಾಕಿದರೆ ಚಕ್ರವೂ ಅಷ್ಟೇ ಹೊರಗೆ ಬರುತ್ತದೆ. ಮಡ್ ಗಾರ್ಡ್ ಇಲ್ಲದ ರೋಡ್‌ಸ್ಟರಿನ ಹಿಂದೆ ಅದು ನಡೆದೀತು. ಮುಂದೆ ಹಾಕಿದರೆ ಸ್ಟೀರಿಂಗ್ ಭಾರವಾಗುತ್ತದೆ, ಗುಂಡಿಗೆ ಬಿದ್ದಾಗಲೆಲ್ಲ ಕೈ ಎಳೆಯುತ್ತದೆ. ಅಡಾಪ್ಟರ್ ಹಾಕಲೇಬೇಕಾದರೆ ಹಿಂದೆ ಹಾಕಿ. ಅದನ್ನು ಹಿಡಿದಿರುವ ಒಳಗಿನ ನಟ್‌ಗಳು ಚಕ್ರ ಕೂತ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಚಕ್ರ ಬಿಚ್ಚಿದಾಗಲೆಲ್ಲ ಅವುಗಳ ಬಿಗಿಯನ್ನೂ ನೋಡಬೇಕು.

ಜೋಡಿಸುವಾಗ

ಪಿಸಿಡಿ ಹೊಂದಿತು ಎಂದರೆ ಎಲ್ಲವೂ ಹೊಂದಿತು ಎಂದಲ್ಲ. ಹಳೆಯ ಷೆವ್ರೊಲೆಯ ಸ್ಟಡ್ 7/16 ಇಂಚು, ಫೋರ್ಡ್‌ನದು ಅರ್ಧ ಇಂಚು. ಸಾಧ್ಯವಾದರೆ ನಾಲ್ಕೂ ಕಡೆ ಅರ್ಧ ಇಂಚಿನದನ್ನೇ ಹಾಕಿ. ನಟ್ ಒಂದೇ, ಸ್ಪ್ಯಾನರ್ ಒಂದೇ. ಆದರೆ ರಿಮ್ಮಿನ ಕುಳಿ 60 ಡಿಗ್ರಿ ಇಳಿಜಾರಿನದೋ, ವಾಷರ್ ಹಾಕುವ ಚಪ್ಪಟೆಯದೋ ನೋಡಿ ಅದಕ್ಕೆ ತಕ್ಕ ನಟ್ ತನ್ನಿ. ರಿಮ್ಮಿನ ನಡುವಿನ ರಂಧ್ರ ಹಬ್ಬಿನ ಮೂತಿಯ ಮೇಲೆ ಪೂರ್ತಿ ಕೂರಬೇಕು. ನಟ್ ಕನಿಷ್ಠ ಸ್ಟಡ್ಡಿನ ದಪ್ಪದಷ್ಟು ಉದ್ದಕ್ಕೆ ಎಳೆಯ (ಥ್ರೆಡ್) ಮೇಲೆ ಹತ್ತಬೇಕು.

ಅರ್ಧ ಇಂಚಿನ ಸ್ಟಡ್ಡಿಗೆ ಸಾಮಾನ್ಯವಾಗಿ ಹೇಳುವ ಟಾರ್ಕ್, ಅಂದರೆ ತಿರುಗಿಸಿ ಬಿಗಿಯುವ ಬಲ, 75ರಿಂದ 85 ಫುಟ್-ಪೌಂಡ್, ಅಂದರೆ ಸುಮಾರು 100ರಿಂದ 115 ನ್ಯೂಟನ್ ಮೀಟರ್. ರಿಮ್ ತಯಾರಕರು ಬೇರೆ ಹೇಳಿದ್ದರೆ ಅದೇ ಅಂತಿಮ. ಒಂದು ನಟ್ ಬಿಟ್ಟು ಒಂದರಂತೆ, ನಕ್ಷತ್ರ ಬರೆಯುವ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಬಿಗಿಗೊಳಿಸಿ. ಎಂಬತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ರೆಂಚ್ ಮತ್ತೊಮ್ಮೆ ಹಿಡಿಯಿರಿ.

ಮೊದಲ ಸಲ ರಸ್ತೆಗಿಳಿಸುವ ಮುನ್ನ ಸ್ಟೆಪ್ನಿಯನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹಾಕಿ ಕೈಯಲ್ಲೇ ತಿರುಗಿಸಿ ನೋಡಿ. ಹಿಂದಿನ ಡ್ರಮ್ ಮೇಲೆ ಸಲೀಸಾಗಿ ಕೂತ ರಿಮ್ ಮುಂದಿನ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರಿಗೆ ಉಜ್ಜುವುದುಂಟು.