ಮೂತಿ ಕಟ್ಟದಂತೆ ಸೂಪರ್ ಗ್ಲೂ ಬಳಸುವುದು ಹೇಗೆ?

ಕಳೆದ ಜುಲೈನ ಒಂದು ಭಾನುವಾರ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆರು ಮಕ್ಕಳು ಡಬಲ್ ಡೆಕರ್ ಬಸ್ಸಿನ ಮಾಡೆಲ್ ಕಟ್ಟಲು ಕುಳಿತಿದ್ದರು. 1937ರಲ್ಲಿ ಮುಂಬಯಿಯ ರಸ್ತೆಗಿಳಿದ ಬಸ್ಸು ಅದು. ಹಳೆಯ ಡೀಸೆಲ್ ಡಬಲ್ ಡೆಕರ್‌ಗಳು 2023ರ ಸೆಪ್ಟೆಂಬರ್‌ನಲ್ಲಿ ಕೊನೆಯ ಓಟ ಮುಗಿಸಿದ ಮೇಲೆ ಮಕ್ಕಳಿಗೆ ಅದರ ಮೇಲಿನ ಆಸೆ ಇನ್ನಷ್ಟು ಹೆಚ್ಚಿದೆ. ಊಟದ ಹೊತ್ತಿಗೆ ಆರು ಬಾಟಲಿಗಳ ಪೈಕಿ ನಾಲ್ಕು ಮೂತಿ ಕಟ್ಟಿಕೊಂಡಿದ್ದವು. ಒಳಗೆ ಅಂಟು ಮುಕ್ಕಾಲು ಪಾಲು ಹಾಗೆಯೇ ಇತ್ತು. ಒಬ್ಬ ಹುಡುಗ ಬಲವಾಗಿ ಹಿಂಡಿದ. ಮೂತಿಯ ಬುಡ ಸೀಳಿ ಅಂಟು ಅವನ ಅಂಗೈಗೆ ಸುರಿಯಿತು. ಅಂಟಿಕೊಂಡ ಬೆರಳುಗಳನ್ನು ಎಳೆಯದೆ, ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ಬಿಡಿಸಲು ಬಹಳ ಹೊತ್ತು ಹಿಡಿಯಿತು. “ಮಾಮ, ಬಾಟಲಿಯೇ ಸರಿಯಿಲ್ಲ” ಎಂದ ಅವನು. ಬಾಟಲಿ ಸರಿಯಾಗಿಯೇ ಇತ್ತು. ಬಳಸಿದ ಮೇಲೆ ಅದನ್ನು ಹೇಗೆ ಮುಚ್ಚಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಲೇಖನ ಅದಕ್ಕಾಗಿಯೇ.

ಸೂಪರ್ ಗ್ಲೂ ಎಂದರೆ ಸಯನೋಅಕ್ರಿಲೇಟ್. ಗೋಡೆಯ ಬಣ್ಣ ಗಾಳಿಗೆ ಒಣಗುವ ಹಾಗೆ ಇದು ಒಣಗುವುದಿಲ್ಲ. ತೇವ ತಾಗಿದ ಕೂಡಲೇ ಅದರ ಅಣುಗಳು ಒಂದಕ್ಕೊಂದು ಸರಪಳಿಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಬಾಟಲಿಯೊಳಗೆ ಅದು ದ್ರವವಾಗಿಯೇ ಉಳಿಯಲಿ ಎಂದು ತಯಾರಕರು ಅತ್ಯಲ್ಪ ಆಮ್ಲ ಬೆರೆಸಿರುತ್ತಾರೆ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್‌ನ ಹ್ಯಾರಿ ಕೂವರ್ ಬಂದೂಕಿನ ಗುರಿಕಾಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಈ ವಸ್ತು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಬದಿಗಿಟ್ಟರು. ಅಂಟಾಗಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿ ಹಪ್ಪಳವನ್ನೂ ಮೆತ್ತಗಾಗಿಸುತ್ತದೆ. ಮೂತಿಯ ತುದಿಯಲ್ಲಿ ನಿಂತ ಒಂದು ಹನಿಗೆ ಆ ತೇವ ಧಾರಾಳವಾಗಿ ಸಾಕು.

ಮೊದಲ ಹಂತ, ಖರೀದಿ. ಚಿಕ್ಕ ಬಾಟಲಿಯನ್ನೇ ಕೊಳ್ಳಿ. 20 ಗ್ರಾಮಿನ ಒಂದರ ಬದಲು 3 ಅಥವಾ 5 ಗ್ರಾಮಿನ ಕೆಲವನ್ನು ಕೊಂಡು, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯಿರಿ. ತಯಾರಿಕೆಯ ದಿನಾಂಕ ಅಚ್ಚಾಗದ ಬಾಟಲಿ ಎಷ್ಟೇ ಅಗ್ಗವಾಗಿದ್ದರೂ ಬೇಡ. ಅಂಥವುಗಳಲ್ಲಿ ಎಷ್ಟೋ ಬಾರಿ ಅಂಟು ಅಂಗಡಿಯಲ್ಲೇ ಅರ್ಧ ಗಟ್ಟಿಯಾಗಿರುತ್ತದೆ. ತೆಳು ಅಂಟಿನ ಬಾಟಲಿಯನ್ನು ಓರೆ ಮಾಡಿದರೆ ಒಳಗಿನದು ನೀರಿನಂತೆ ಸರಿಯಬೇಕು. ಜೇನಿನಂತೆ ಸರಿದರೆ ಹಿಂದಿರುಗಿಸಿ.

ಎರಡನೆಯದು, ಮೂತಿ ಕತ್ತರಿಸುವುದು. ಚೂಪಾದ ಬ್ಲೇಡಿನಿಂದ ತುತ್ತತುದಿಯಲ್ಲಿ ಕೂದಲೆಳೆಯಷ್ಟು ಮಾತ್ರ. ಕಾಯಿಸಿದ ಸೂಜಿಯಿಂದ ಚುಚ್ಚುವ ಅಡ್ಡದಾರಿ ಬೇಡ: ಬಿಸಿ ತಾಗಿದ ಅಂಟಿನ ಹೊಗೆ ಕಣ್ಣು, ಮೂಗು ಉರಿಸುತ್ತದೆ.

ಮೂರನೆಯದು, ಹಚ್ಚುವುದು. ಬಾಟಲಿಯಿಂದ ನೇರವಾಗಿ ಮಾಡೆಲ್‌ಗೆ ಹಚ್ಚಲೇಬೇಡಿ. ಮೂತಿ ಮಾಡೆಲ್‌ನ ಭಾಗಕ್ಕೆ ತಾಗಿದರೆ ಅಲ್ಲಿನ ದೂಳು, ತೇವ, ಉಜ್ಜಿದ ಪುಡಿ ಎಲ್ಲವೂ ಮೂತಿಗೆ ಮೆತ್ತಿಕೊಳ್ಳುತ್ತವೆ. ಖಾಲಿ ಹಾಲಿನ ಪ್ಯಾಕೆಟನ್ನು ತೊಳೆದು, ಪೂರ್ತಿ ಒಣಗಿಸಿ, ಅದರ ಒಂದು ತುಂಡಿನ ಮೇಲೆ ಎರಡು ಹನಿ ಬಿಡಿ. ಆ ಪಾಲಿಥಿನ್‌ಗೆ ಸೂಪರ್ ಗ್ಲೂ ಸರಿಯಾಗಿ ಹಿಡಿಯುವುದಿಲ್ಲ, ಹನಿಯೂ ಕೆಲವು ನಿಮಿಷ ದ್ರವವಾಗಿ ಉಳಿಯುತ್ತದೆ. ಅಲ್ಲಿಂದ ಎತ್ತಿ ಹಚ್ಚಲು ನನ್ನ ಮೆಚ್ಚಿನ ಸಾಧನ ಹೊಲಿಗೆ ಸೂಜಿ. ಸೂಜಿಗಣ್ಣಿನ ಮೇಲ್ತುದಿಯನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿದರೆ ಪುಟ್ಟ ಕವಲು ಉಳಿಯುತ್ತದೆ. ಕತ್ತರಿಸುವಾಗ ಚೂರು ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ. ಸೂಜಿಯ ಮೊನೆಯನ್ನು ಹಳೆಯ ಪೆನ್ಸಿಲ್ಲಿನ ಹಿಂಬದಿಗೆ ಒತ್ತಿ ಕೂರಿಸಿ. ಕವಲಿನ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕ ಹನಿ ನಿಲ್ಲುತ್ತದೆ. ಜೋಡಣೆಗೆ ತಾಗಿಸಿದರೆ ಅಂಟು ತಾನಾಗಿ ಸಂದಿನೊಳಕ್ಕೆ ಇಳಿಯುತ್ತದೆ. ಬಸ್ಸಿನ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್‌ಗೆ ಮಾತ್ರ ಈ ಅಂಟು ಬೇಡ. ಅದರ ಆವಿ ಕುಳಿತು ಬಿಳಿ ಮಂಜು ಕಟ್ಟುತ್ತದೆ. ಅಲ್ಲಿಗೆ ಮರಗೆಲಸದ ಬಿಳಿ ಅಂಟು ಸಾಕು.

ಇನ್ನು ನಾಲ್ಕನೆಯದು, ಬಳಸಿದ ಮೇಲೆ ಮುಚ್ಚುವುದು. ಹೆಚ್ಚಿನ ಬಾಟಲಿಗಳು ಸಾಯುವುದು ಇಲ್ಲೇ, ಅದೂ ಹನಿ ಬಿಟ್ಟ ನಂತರದ ಅರ್ಧ ನಿಮಿಷದಲ್ಲಿ. ಮಕ್ಕಳು, ದೊಡ್ಡವರು ಎಲ್ಲರೂ ಮಾಡುವುದು ಒಂದೇ: ಹನಿ ಬಿಟ್ಟು, ಬಾಟಲಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಎರಡೂ ಕೈಯಲ್ಲಿ ಮಾಡೆಲ್ ಹಿಡಿದು ಕೂರುವುದು. ಐದು ನಿಮಿಷದ ಮೇಲೆ ಮುಚ್ಚಳ ಹುಡುಕುವುದು. ಅಷ್ಟರಲ್ಲಿ ಮೂತಿಯ ಕೊಳವೆಯುದ್ದಕ್ಕೂ ಅಂಟು ತುಂಬಿ ನಿಂತಿರುತ್ತದೆ.

ಹನಿ ಬಿಟ್ಟ ಕೂಡಲೇ, ಭಾಗಗಳನ್ನು ಕೈಗೆತ್ತಿಕೊಳ್ಳುವ ಮೊದಲೇ, ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಅದರ ತಳವನ್ನು ಮೇಜಿಗೆ ಮೂರು ನಾಲ್ಕು ಬಾರಿ ಮೆಲ್ಲನೆ ಕುಟ್ಟಿ. ಕೊಳವೆಯಲ್ಲಿ ನಿಂತ ಅಂಟು ಕೆಳಗಿಳಿಯುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ಇನ್ನೂ ತುದಿಯಲ್ಲಿ ಉಳಿದಿದ್ದರೆ, ಬಾಟಲಿಯನ್ನು ನೆಟ್ಟಗಿಟ್ಟೇ, ಮೂತಿಯನ್ನು ಮುಖದಿಂದ ದೂರ ತಿರುಗಿಸಿ ತುಸುವೇ ಒತ್ತಿ ಬಿಡಿ. ಒತ್ತಿದಾಗ ಗಾಳಿ ಹೊರಬರುತ್ತದೆ. ಬಿಟ್ಟಾಗ ತುದಿಯ ಹನಿ ಒಳಕ್ಕೆ ಸೆಳೆಯಲ್ಪಡುತ್ತದೆ. ಆಮೇಲೆ ಒಣ ಟಿಶ್ಯೂ ಕಾಗದದಿಂದ ಬುಡದಿಂದ ತುದಿಯ ಕಡೆಗೆ ಒಮ್ಮೆ ಮಾತ್ರ ಒರೆಸಿ, ಆ ಕಾಗದವನ್ನು ಬದಿಗಿಡಿ. ಅದೇ ಜಾಗದಿಂದ ಎರಡನೆಯ ಬಾರಿ ಒರೆಸಿದರೆ ತೆಗೆದ ಅಂಟನ್ನೇ ಮತ್ತೆ ಮೆತ್ತಿದಂತಾಗುತ್ತದೆ. ಒದ್ದೆ ಬಟ್ಟೆ ಖಂಡಿತ ಬೇಡ. ಹತ್ತಿ ಮತ್ತು ಉಣ್ಣೆ ಇನ್ನೂ ಬೇಡ: ಅವಕ್ಕೆ ಈ ಅಂಟು ಹೆಚ್ಚಾಗಿ ತಾಗಿದರೆ ಹೊಗೆಯಾಡುವಷ್ಟು, ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಕೊನೆಗೆ ಮುಚ್ಚಳದ ಒಳಗನ್ನು ನೋಡಿ, ಅಲ್ಲಿ ಅಂಟಿನ ಗುರುತಿದ್ದರೆ ಒರೆಸಿ, ಮುಚ್ಚಿ. ಇಷ್ಟಕ್ಕೂ ಬೇಕಾಗುವುದು ಇಪ್ಪತ್ತು ಸೆಕೆಂಡು. ಪ್ರತಿ ಬಾರಿಯೂ ಮಾಡಬೇಕು.

ಮುಚ್ಚಳದ ಬದಲು ಮೂತಿಗೆ ಗುಂಡುಸೂಜಿ ಚುಚ್ಚಿಡುವವರನ್ನು ಬಹಳ ಕಂಡಿದ್ದೇನೆ. ಕೊಳವೆ ಖಾಲಿಯಾಗದಿದ್ದರೆ ಸೂಜಿಯೂ ಅದರಲ್ಲೇ ಹೂತುಹೋಗುತ್ತದೆ, ಕಿತ್ತರೆ ಮೂತಿ ಹರಿಯುತ್ತದೆ. ಅಂಟು ಬೇಗ ಹಿಡಿಯಲೆಂದು ಅಡುಗೆ ಸೋಡಾ ಅಥವಾ ವೇಗವರ್ಧಕ ಸ್ಪ್ರೇ ಬಳಸುವವರು ಬಾಟಲಿಯನ್ನು ಮುಚ್ಚಿ ದೂರವಿಟ್ಟ ಮೇಲೆಯೇ ಅದಕ್ಕೆ ಕೈ ಹಾಕಬೇಕು.

ಅಷ್ಟಾದರೂ ಮೂತಿ ಕಟ್ಟಿದರೆ? ಹಿಂಡಬೇಡಿ. ಮೂತಿ ತಿರುಗಿಸಿ ತೆಗೆಯುವಂಥದ್ದಾದರೆ ಬಿಚ್ಚಿ, ಮುಚ್ಚಳವಿರುವ ಗಾಜಿನ ಶೀಶೆಯಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ನೆನೆಸಿ; ಅಷ್ಟರವರೆಗೆ ಬಾಟಲಿಗೆ ಬೇರೆ ಒಣ ಮೂತಿ ಹಾಕಿಡಿ. ಗಟ್ಟಿಯಾದ ಅಂಟನ್ನು ಅಸಿಟೋನ್ ಮೆತ್ತಗಾಗಿಸುತ್ತದೆ, ಮೂತಿಯ ಪಾಲಿಥಿನ್‌ಗೆ ಏನೂ ಆಗುವುದಿಲ್ಲ. ನೇಲ್ ಪಾಲಿಶ್ ರಿಮೂವರ್ ಬಳಸುವುದಾದರೆ ಲೇಬಲ್ ಓದಿ, ಅಸಿಟೋನ್ ಇಲ್ಲದ ರಿಮೂವರ್‌ಗಳೂ ಇವೆ, ಅವು ನಿಷ್ಪ್ರಯೋಜಕ. ನೆನೆಸಿದ ಮೂತಿ ಪೂರ್ತಿ ಒಣಗಿದ ಮೇಲೆಯೇ ಬಾಟಲಿಗೆ ಹಾಕಿ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಗ್ಯಾಸ್ ಒಲೆಯಿರುವ ಅಡುಗೆಮನೆ ಈ ಕೆಲಸದ ಜಾಗವಲ್ಲ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಮಾಡೆಲ್ ಮೇಲೆ ಒಂದು ಹನಿ ಬಿದ್ದರೂ ಅದು ಕರಗುತ್ತದೆ.

ಕೊನೆಯ ಹಂತ, ಇಡುವುದು. ತೆರೆಯದ ಬಾಟಲಿಗಳಿಗೆ ಫ್ರಿಜ್ ಒಳ್ಳೆಯದು. ಆದರೆ ಹೊರತೆಗೆದ ಕೂಡಲೇ ತೆರೆಯಬೇಡಿ. ಫ್ರಿಜ್‌ನಿಂದ ತೆಗೆದ ಹಾಲಿನ ಪ್ಯಾಕೆಟ್ ಬೆವರುವಂತೆ ಬಾಟಲಿಯೂ ಬೆವರುತ್ತದೆ, ಆ ನೀರೇ ಅಂಟನ್ನು ಕೆಡಿಸುತ್ತದೆ. ಎರಡು ಗಂಟೆ ಹೊರಗಿಟ್ಟು ಕೋಣೆಯ ಬಿಸಿಗೆ ಬರಲಿ. ಒಮ್ಮೆ ತೆರೆದದ್ದನ್ನು ನಮ್ಮ ಊರಿನ ಹವೆಯಲ್ಲಿ ಮತ್ತೆ ಫ್ರಿಜ್‌ಗೆ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಬಾರಿ ಹೊರತೆಗೆದಾಗಲೂ ಅದೇ ಬೆವರಿನ ಅಪಾಯ. ಅದಕ್ಕೆ ರಬ್ಬರಿನ ಅಂಚಿರುವ ಬಿಗಿಯಾದ ಡಬ್ಬಿ ಬೇಕು. ತಳದಲ್ಲಿ ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ, ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ. ಜೆಲ್ಲಿನ ಬಣ್ಣ ತಿರುಗಿದರೆ ಬದಲಿಸಿ. ವೇಗವರ್ಧಕ ಸ್ಪ್ರೇಯನ್ನು ಅದೇ ಡಬ್ಬಿಯಲ್ಲಿ ಇಡಬೇಡಿ, ಅದರ ಆವಿಯೂ ಅಂಟನ್ನು ಗಟ್ಟಿ ಮಾಡುತ್ತದೆ.

ಫ್ರಿಜ್‌ನಲ್ಲಾಗಲಿ ಕಪಾಟಿನಲ್ಲಾಗಲಿ ಕಣ್ಣಿನ ಔಷಧದ ಹತ್ತಿರ ಈ ಬಾಟಲಿಗಳು ಇರಲೇಕೂಡದು. ಎರಡರ ಆಕಾರವೂ ಒಂದೇ. ಪೊರೆಯ ಶಸ್ತ್ರಚಿಕಿತ್ಸೆಯಾದ ಅಜ್ಜಿ ಮಬ್ಬು ಬೆಳಕಿನಲ್ಲಿ ತಪ್ಪಿ ಎತ್ತಿಕೊಂಡರೆ ಆಗುವ ಅನಾಹುತ ಊಹಿಸಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಅಂಟು’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಎತ್ತರದ ಬೇರೆ ಕಪಾಟಿನಲ್ಲಿಡಿ. ಪ್ರತಿ ಬಾಟಲಿಯ ಮೇಲೆ ತೆರೆದ ದಿನಾಂಕವೂ ಇರಲಿ. ಹನಿ ಬಿಡುವಾಗ ಅಂಟು ನೂಲಿನಂತೆ ಎಳೆಯತೊಡಗಿದರೆ ಆ ಬಾಟಲಿ ಇನ್ನು ಮಾಡೆಲ್‌ಗೆ ಬೇಡ, ಹೊಸದನ್ನು ತೆರೆಯಿರಿ.