ಕೆಫೀನ್ ಹನಿ ಕೊಡುವ ಮೊದಲು ಕೂಸಿನ ಎದೆಬಡಿತ ಎಣಿಸುವುದು ಹೇಗೆ?

ದಿನ ತುಂಬದೆ ಹುಟ್ಟಿದ ಮಗು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತದೆ. ಅದಕ್ಕೆ ಕೆಫೀನ್ ಸಿಟ್ರೇಟ್ ಹನಿ ಕೊಡುತ್ತಾರೆ. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್. ಕಷಾಯ ಕುಡಿದು ಬೆಳೆದ ಶಿರಸಿಯ ಅಜ್ಜಿಯರು ಕೇಳಿದರೆ ಹೌಹಾರುತ್ತಾರೆ. ಔಷಧ ಒಳ್ಳೆಯದೇ, ಜಾಸ್ತಿಯಾದರೆ ಎದೆಬಡಿತ ಓಡುತ್ತದೆ. ಹೆಚ್ಚಿನ ಮಕ್ಕಳಿಗೆ ಆಸ್ಪತ್ರೆಯಲ್ಲೇ ನಿಲ್ಲಿಸುತ್ತಾರೆ. ಮನೆಗೆ ಬರೆದುಕೊಟ್ಟಿದ್ದರೆ ಮುಂದೆ ಓದಿ.

ಮಗು ಮಲಗಿರಲಿ. ಅತ್ತಾಗ, ಹಾಲು ಕುಡಿದಾಗ ಬಡಿತ ಏರುತ್ತದೆ.

ಎಡ ಮೊಲೆತೊಟ್ಟಿನ ಕೆಳಗೆ ಎರಡು ಬೆರಳು ಹಗುರವಾಗಿ ಇಡಿ. ಹೊಟ್ಟೆ ಏರಿಳಿಯುವುದು ಉಸಿರು, ಅದು ಲೆಕ್ಕಕ್ಕಿಲ್ಲ. ಬೆರಳಿಗೆ ಟಕಟಕ ತಾಗುವುದನ್ನು ಎಣಿಸಿ. ಎಲ್ಲರೂ ಎಡವುವುದು ಇಲ್ಲೇ. ನಿಮಿಷಕ್ಕೆ 120ರಿಂದ 160 ಸಾರಿ ಬಡಿಯುವ ಎದೆ ಅದು. ‘ನೂರಾ ಇಪ್ಪತ್ತೇಳು’ ಅನ್ನುವಷ್ಟರಲ್ಲಿ ಎರಡು ಬಡಿತ ಹೋಗಿರುತ್ತದೆ. ‘ಅಕ್ಕಾ, ಲೆಕ್ಕ ತಪ್ಪಿಹೋಗ್ತು’ ಎಂದು ಬಾಣಂತಿಯರು ನನ್ನ ಮುಖ ನೋಡುತ್ತಾರೆ. ಒಂದರಿಂದ ಹತ್ತು ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ. ಪ್ರತಿ ಹತ್ತಕ್ಕೆ ಇನ್ನೊಂದು ಕೈಯಿಂದ ತಟ್ಟೆಗೊಂದು ಅಡಿಕೆ. ಗಡಿಯಾರ ಅತ್ತೆಯವರು ನೋಡಲಿ. ಅರವತ್ತು ಸೆಕೆಂಡಿಗೆ ಹದಿನಾಲ್ಕು ಅಡಿಕೆ, ಮೇಲೆ ಮೂರು ಬಡಿತ ಅಂದರೆ 143.

ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಒಳದಾರಿ ಬೇಡವೇ ಬೇಡ. ಎರಡು ಬಡಿತ ತಪ್ಪಿದರೆ ಲೆಕ್ಕದಲ್ಲಿ ಎಂಟು ತಪ್ಪುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ದೊಡ್ಡವರ ಆಕ್ಸಿಮೀಟರ್ ಪೆಟ್ಟಿಗೆಯಲ್ಲೇ ಇರಲಿ, ಈ ಬೆರಳಿಗೆ ಅದು ಕೂರುವುದಿಲ್ಲ.

ನಿದ್ದೆಯಲ್ಲೂ 180 ದಾಟಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಆಗಲೂ ಇಳಿಯದಿದ್ದರೆ ಹನಿ ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ಅವರು ಚೀಟಿಯಲ್ಲಿ ಬೇರೆ ಅಂಕಿ ಬರೆದಿದ್ದರೆ ಅದೇ ಸರಿ. ಉಸಿರು ನಿಂತರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರಬೇಡಿ. ಅಂಗಾಲು ಉಜ್ಜುತ್ತಲೇ 108ಕ್ಕೆ ಕರೆ ಮಾಡಿಸಿ.

ಅಳತೆ ಒಂದು ಎಂ.ಎಲ್. ಸಿರಿಂಜಿನಲ್ಲೇ, ಬಾಟಲಿಯ ಮುಚ್ಚಳದಲ್ಲಲ್ಲ. 1.8 ಕೆ.ಜಿ. ಮಗುವಿಗೆ ಕೆ.ಜಿ.ಗೆ 5 ಮಿ.ಗ್ರಾಂ.ನಂತೆ ಬರೆದಿದ್ದರೆ 9 ಮಿ.ಗ್ರಾಂ. ಆಯಿತು. ಎಂ.ಎಲ್.ಗೆ 20 ಮಿ.ಗ್ರಾಂ. ಇರುವ ಔಷಧದಲ್ಲಿ ಅದು 0.45 ಎಂ.ಎಲ್. ಚುಕ್ಕೆ ಕಣ್ತಪ್ಪಿ 4.5 ಆದರೆ ಹತ್ತು ಪಟ್ಟು! ಕಕ್ಕಿದರೂ ಕೇಳದೆ ಮತ್ತೆ ಕೊಡಬೇಡಿ. ದೊಡ್ಡವರ ಮೈಯಲ್ಲಿ ಕೆಫೀನ್ ಸುಮಾರು 5 ಗಂಟೆಗೆ ಅರ್ಧಕ್ಕಿಳಿಯುತ್ತದೆ, ಈ ಮಕ್ಕಳಲ್ಲಿ ಮೂರ್ನಾಲ್ಕು ದಿನ ಬೇಕು.

ಕಕ್ಕುತ್ತದೆಂದು ಸುಮ್ನೆ ಅಂಗಡಿಯಿಂದ ಡೊಂಪೆರಿಡೋನ್ ಹನಿ ತರುವವರಿದ್ದಾರೆ. ಅದೂ ಎದೆಬಡಿತದ ಲಯ ಕೆಡಿಸಬಲ್ಲದು. ಇಂಥದ್ದೇ ತೊಂದರೆಯಿದ್ದ ಸಿಸಾಪ್ರೈಡ್ ಎಂಬ ಔಷಧ 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು. ಬಜೆ ತೇಯ್ದು ನೆಕ್ಕಿಸುವುದೂ ಬೇಡ.

ಹನಿ ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಹೊತ್ತು, ಬಡಿತ ಎರಡೂ ಬರೆಯಿರಿ. ಅಮ್ಮ ಕೊಟ್ಟದ್ದು ಗೊತ್ತಿಲ್ಲದೆ ಅಜ್ಜಿಯೂ ಕೊಟ್ಟದ್ದನ್ನು ನೋಡಿದ್ದೇನೆ. ಅಡಿಕೆಯನ್ನು ಲೆಕ್ಕ ಮಾಡಿ ಡಬ್ಬಿಗೆ ಹಾಕಿ, ದೊಡ್ಡ ಮಗುವಿನ ಬಾಯಿಗೆ ಹೋದೀತು.